ಮುತ್ತರಾಯಪ್ಪ ಸ್ಟೂಲಿನ ಮೇಲೆ ಕೂತದ್ದು

ಮುತ್ತರಾಯಪ್ಪನನ್ನು ಒಂದು ಕಡೆ ಕೂರಿಸುವುದು ಅವನ ಹೆತ್ತ ತಾಯಿಗೂ ಆಗಿರಲಿಲ್ಲವಂತೆ. ಊಟವನ್ನು ನಿಂತೇ ಮಾಡುತ್ತಿದ್ದ. ಕಾಫಿ ಕೊಟ್ಟರೆ ಕುದಿಯುತ್ತಿದ್ದಂತೆಯೇ ಕುಡಿದು, ಬಾಯಿ ಸುಟ್ಟಿತೆಂದು ನಮ್ಮಮ್ಮನನ್ನು ಬೈಯುತ್ತಿದ್ದ. ಒಂದು ಸಲ ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡಿದ್ದಾಗ ಸೇಲಂ ರೈಲು ಕೂಗಿತು. ಎದ್ದವನೇ ಸ್ಟೇಷನ್ನಿಗೆ ಗಾಡಿ ಹೊಡೆದ. ಅವತ್ತು ಸಂಜೆಯವರೆಗೂ ಅರ್ಧ ಗಡ್ಡದಲ್ಲೇ ಹೊಸೂರೆಲ್ಲ ಜನರನ್ನು ಹೊತ್ತು ತಿರುಗಿದ, ನಾಚಿಕೆ ಅನ್ನುವುದು ಒಂದು ಚೂರೂ ಇಲ್ಲದೆ.

ಅವನದು ಜಟಕಾ. ಸಾನಮಾವಿನ ಕಾಡಂಚಿನ ಹಳ್ಳಿಯವನು. ನಮ್ಮ ಹಿತ್ತಿಲಲ್ಲಿ ತಾತನ ಕಾಲದ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅಲ್ಲಿ ಕುದುರೆ, ಪಕ್ಕದ ಕೋಣೆಯಲ್ಲಿ ಅವನು ಮತ್ತು ಅವನ ಹೆಂಡತಿ ಪಿಳ್ಳಮ್ಮ. ಬಾಡಿಗೆಯ ಬದಲು ನನ್ನನ್ನು ದಿನಾ ಸ್ಕೂಲಿಗೆ ಬಿಡಬೇಕು, ಅಷ್ಟೇ ಮಾತು. ಆಗ ನನಗೆ ಮೂವತ್ತನಾಲ್ಕು. ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಟೀಚರು. ಮನೆಯಲ್ಲಿ ನಾನು ಮತ್ತು ನಮ್ಮಮ್ಮ ಅಂಬುಜಮ್ಮ, ಇಬ್ಬರೇ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಅವನಿಗೆ ಅವಸರ ಕಾಲಿನ ತುದಿಯಲ್ಲಿ. ಹಾಗಾಗಿ ಬೆಳಗ್ಗೆ ಗಾಡಿ ಹೊರಡುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಯಾರಿಗೂ ಗಡಿಯಾರ ಬೇಕಿರಲಿಲ್ಲ.

ಕುದುರೆಯ ಹೆಸರು ಕೆಂಚಿ. ಕಂದು ಬಣ್ಣದ ಹೆಣ್ಣು ಕುದುರೆ, ಒಂಬತ್ತು ವರ್ಷದ್ದು. ಪಿಳ್ಳಮ್ಮ ಅದನ್ನು 'ನನ್ ಸವತಿ' ಎಂದೇ ಕರೆಯುತ್ತಿದ್ದಳು. ಗಂಡ ತನಗೆ ಒಂದು ಮೊಳ ಹೂವು ತರುವುದನ್ನು ಮರೆತರೂ ಕೆಂಚಿಗೆ ಹುರುಳಿ ತರುವುದನ್ನು ಮರೆಯುವವನಲ್ಲ ಎಂದು ಅವಳಿಗೆ ಹೊಟ್ಟೆಯುರಿ.

ಎಪ್ಪತ್ತೊಂಬತ್ತರ ಸಂಕ್ರಾಂತಿ ಮುಗಿದ ವಾರ. ಊರ ಹೊರಗೆ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ, ನೀರಿನ ಪೈಪಿಗೆಂದು ರಸ್ತೆಯನ್ನೆಲ್ಲ ಅಗೆದುಹಾಕಿದ್ದರು. ಮುತ್ತರಾಯಪ್ಪ ಸ್ಟೇಷನ್ನಿನಿಂದ ಖಾಲಿ ಗಾಡಿಯಲ್ಲಿ ಬರುತ್ತಿದ್ದವನು ಹಿಂದಿನಿಂದ ಬಂದ ಬಸ್ಸಿಗೆ ದಾರಿ ಬಿಡಲಿಲ್ಲ. ಬಿಡುವುದೆಂದರೇನು, ಅದರ ಜೊತೆ ಪಂದ್ಯಕ್ಕೇ ಬಿದ್ದ. ಕೆಂಚಿಯ ಎಡಗಡೆ ಮುಂಗಾಲು ಮಣ್ಣು ಮುಚ್ಚಿದ್ದ ಹಳ್ಳಕ್ಕೆ ಇಳಿಯಿತು. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ಮೊಣಕಾಲ ಕೆಳಗಿನ ನರ ಎಳೆದುಕೊಂಡು, ಮನೆಗೆ ಬರುವಷ್ಟರಲ್ಲಿ ಕಾಲು ಬಾಳೆದಿಂಡಿನಷ್ಟು ದಪ್ಪವಾಗಿತ್ತು. ಕೆಂಚಿ ಮೂರು ಕಾಲಿನಲ್ಲಿ ನಿಂತು ನಡುಗುತ್ತಿತ್ತು. ಮುತ್ತರಾಯಪ್ಪ ಕೊಟ್ಟಿಗೆಗೂ ಬೀದಿಗೂ ಕೊಟ್ಟಿಗೆಗೂ ಬೀದಿಗೂ ಓಡಾಡುತ್ತಿದ್ದ.

ಪಶುವೈದ್ಯರು ಬಂದರು. ತಿರುನೆಲ್ವೇಲಿ ಕಡೆಯವರು, ಊರಿಗೆ ಹೊಸಬರು, ತಮಿಳು ಮಾತಾಡಿದರೆ ಮಳೆ ಸುರಿದಂತೆ. ಮುತ್ತರಾಯಪ್ಪನಿಗೆ ತಮಿಳು ಬಾರದೆ ಏನಿಲ್ಲ. ಪ್ಯಾಸೆಂಜರುಗಳ ಜೊತೆ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಜಗಳ ಆಡುತ್ತಿದ್ದ. ಆದರೆ ಅವತ್ತು ಅವನ ಕಿವಿಗೆ ಯಾವ ಮಾತೂ ಹೋಗುವ ಸ್ಥಿತಿ ಇರಲಿಲ್ಲ. ನನ್ನ ಮುಖ ನೋಡಿದ. ನಾನು ಆ ವರ್ಷವೇ ಸರ್ಕಾರಿ ತಮಿಳು ಪರೀಕ್ಷೆ ಪಾಸು ಮಾಡಿದ್ದೆ. ಅದರ ಜಂಬ ಬೇರೆ ಇತ್ತು. ಮುಂದೆ ಬಂದು ನಿಂತೆ.

ಡಾಕ್ಟರು ಕಾಲಿಗೆ ಮುಲಾಮು ಹಚ್ಚಿ ದಪ್ಪ ಪಟ್ಟಿ ಸುತ್ತಿ, ಕೈ ತೊಳೆಯುತ್ತ ಹೇಳಿದರು: "ನಾನ್ ವರ್ರ ವರೈಕ್ಕುಂ ಕಟ್ಟು ಅವುಕ್ಕಾದೀಂಗ. ಮೆದುವಾ ನಡತ್ತುಂಗ." ಊರಲ್ಲಿ ತಂಗಿಯ ಮದುವೆ, ಮೂರು ವಾರ ಬಿಟ್ಟು ಬರುತ್ತೇನೆ ಎಂದು ಹೊರಟುಹೋದರು.

ನಾನು ಅನುವಾದ ಮಾಡಿದೆ. "ಅವರು ಬರೋವರೆಗೆ ಕಟ್ಟು ಬಿಚ್ಚಬಾರದಂತೆ ಮುತ್ತರಾಯಪ್ಪ. ಮೆತ್ತಗೆ ನಡೆಸಿಕೋಬೇಕಂತೆ."

ಅಷ್ಟಕ್ಕೇ ಬಾಯಿ ಮುಚ್ಚಿದ್ದರೂ ಬದುಕಿಕೊಳ್ಳುತ್ತಿದ್ದೆ. ಕೇಳದಿದ್ದರೂ ವಿವರಣೆ ಕೊಡುವುದು ಟೀಚರುಗಳ ಚಾಳಿ. ಕೆಂಚಿಯ ಕೊರಳ ಹಗ್ಗ ತೋರಿಸಿ, "ಗೂಟ ಬಿಟ್ಟು ಅಲ್ಲಾಡಕೂಡದು, ತಿಳೀತಾ?" ಎಂದು ಬೇರೆ ಸೇರಿಸಿದೆ.

ಮುತ್ತರಾಯಪ್ಪ ಕೆಂಚಿಯನ್ನು ಒಂದು ನಿಮಿಷ ನೋಡಿದ. ನನ್ನನ್ನು ನೋಡಿದ. "ಆಯ್ತು ಟೀಚರಮ್ಮ" ಎಂದು ಹಗ್ಗವನ್ನು ಗಿಡ್ಡ ಮಾಡಿ ಬಿಗಿದ.

ಆ ಮೂರು ವಾರ ನಮ್ಮ ಹಿತ್ತಿಲಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಕುದುರೆ ಗೂಟದಲ್ಲಿ ನಿಂತಿತ್ತು, ಮನುಷ್ಯ ನಿಲ್ಲಲಿಲ್ಲ. ಗಾಡಿಯ ಚಕ್ರ ಬಿಚ್ಚಿ ಕೀಲೆಣ್ಣೆ ಹಾಕಿ ಮತ್ತೆ ಜೋಡಿಸಿದ. ಮಾರನೆಯ ದಿನ ಮತ್ತೆ ಬಿಚ್ಚಿದ. ಚೆನ್ನಾಗಿದ್ದ ನಮ್ಮ ಬಾವಿಯ ರಾಟೆಯನ್ನು ರಿಪೇರಿ ಮಾಡಿ ಕೆಡಿಸಿಟ್ಟ. ನಮ್ಮಮ್ಮ ಒಣಗಲು ಹಾಕಿದ್ದ ಹಪ್ಪಳವನ್ನು ಬಿಸಿಲಿಗೆ ಸರಿಯಾಗಿ ಜರುಗಿಸುತ್ತೇನೆಂದು ತುಳಿದ. "ಇವನನ್ನೂ ಗೂಟಕ್ಕೆ ಕಟ್ಟಿಹಾಕೇ ವೇದಾ" ಎಂದು ಅಮ್ಮ ಒಳಗಿನಿಂದ ಕೂಗಿದರು.

ಆಗಲೇ ಪಿಳ್ಳಮ್ಮನ ತಮ್ಮ ನಾರಾಯಣಪ್ಪ ಬಂದದ್ದು. ಅವನಿಗೆ ಹೊಸ ಫ್ಯಾಕ್ಟರಿಯೊಂದರಲ್ಲಿ ಕೆಲಸ, ಖಾಕಿ ಪ್ಯಾಂಟು, ಜೇಬಿನಲ್ಲಿ ಪೆನ್ನು, ಮಾತಿಗೊಂದು ಇಂಗ್ಲಿಷು.

"ಭಾವ, ನಮ್ ಗೇಟ್‌ಗೆ ವಾಚ್‌ಮನ್ ಬೇಕು. ಏಪ್ರಿಲ್ ಒಂದ್ನೇ ತಾರೀಕ್ನಿಂದ. ಸೂಪರ್‌ವೈಜರ್‌ಗೆ ನಿನ್ ಹೆಸರು ಹೇಳಿಟ್ಟಿವ್ನಿ. ಸುಮ್ಕೆ ಸ್ಟೂಲ್ ಮ್ಯಾಲೆ ಕುಂತ್ಕಂಡಿದ್ರೆ ಆಯ್ತು."

"ಎಷ್ಟೊತ್ತು?"

"ಬೆಳಗ್ಗೆ ಎಂಟ್ರಿಂದ ಸಾಯಂಕಾಲ ಎಂಟ್ಗಂಟೆ ತಂಕ."

ಮುತ್ತರಾಯಪ್ಪನ ಮುಖ ನೋಡಬೇಕಿತ್ತು. ಗಲ್ಲಿಗೆ ಹಾಕುತ್ತೇವೆ ಎಂದಿದ್ದರೂ ಅಷ್ಟು ಹೆದರುತ್ತಿರಲಿಲ್ಲವೇನೋ. "ಕುಂತ್ಕಂಡಾ? ಹನ್ನೆಲ್ಡ್ ಗಂಟೇನಾ? ಏನ್ಲಾ ಅಂತೀಯ?"

ಪಿಳ್ಳಮ್ಮ ಸೊಂಟದ ಮೇಲೆ ಕೈ ಇಟ್ಟಳು. "ಇನ್ನೇನ್ ಮಾಡ್ತೀಯಯ್ಯಾ? ನನ್ ಸವತಿ ಕಾಲ್ ಕುಂಟ್ಕಂಡು ನಿಂತವ್ಳೆ. ಒಂದ್ನೇ ತಾರೀಕಿನೊಳ್ಗೆ ಅವ್ಳು ಗಾಡಿ ಎಳುದ್ರೆ ಸರಿ. ಇಲ್ಲಾಂದ್ರೆ ಅವ್ಳುನ್ನ ಸಂತೆಗೆ ಹೊಡ್ದು ನೀನು ಗೇಟ್ ತಾವ ಕುಂತ್ಕೋ." ಒಪ್ಪಂದ ಅಲ್ಲೇ ಮುಗಿಯಿತು. ಕೆಂಚಿ ಗಾಡಿಗೆ, ಇಲ್ಲವೇ ಮುತ್ತರಾಯಪ್ಪ ಸ್ಟೂಲಿಗೆ.

ಫೆಬ್ರವರಿ ನಡುವಿನಲ್ಲಿ ಡಾಕ್ಟರು ಮದುವೆ ಮುಗಿಸಿ ಬಂದರು. ಪಟ್ಟಿ ಬಿಚ್ಚಿ ಕಾಲು ಮಡಿಸಲು ನೋಡಿದರು. ಮಡಿಯಲಿಲ್ಲ. ಹಿಂಗಾಲುಗಳು ಕೂಡ ನಿಂತು ನಿಂತೇ ಊದಿದ್ದವು. ನೆಲದಲ್ಲಿ ಗೂಟದ ಸುತ್ತ ಕೆಂಚಿ ಕೆರೆದ ಗುಂಡಿ ನೋಡಿದವರೇ ಕೆಂಡವಾದರು. ಯಾರು ಕುದುರೆಯನ್ನು ಹೀಗೆ ಕಟ್ಟಿಹಾಕಲು ಹೇಳಿದ್ದು? ತಾವು ಹೇಳಿದ ಕಟ್ಟು ಕಾಲಿನ ಪಟ್ಟಿ! ಮೆದುವಾ ನಡತ್ತುಂಗ ಎಂದರೆ ದಿನಾ ಮೆಲ್ಲಗೆ ನಡೆದಾಡಿಸಿ ಎಂದು! ನಡೆಯದೆ ನರ ಗಿಡ್ಡವಾಗಿ ಸೆಟೆದುಕೊಂಡಿದೆಯಲ್ಲ!

ನಡೆಸು ಅಂದದ್ದನ್ನು ನಾನು ನಡೆಸಿಕೋ ಮಾಡಿದ್ದೆ. ಪಟ್ಟಿಯನ್ನು ಹಗ್ಗ ಮಾಡಿದ್ದೆ. ಬಾಯಿ ತೆರೆದು ಹೇಳಬೇಕು ಅನ್ನುವಷ್ಟರಲ್ಲಿ ಮುತ್ತರಾಯಪ್ಪ ಮುಂದೆ ಬಂದು, "ನಂದೇ ತಪ್ಪು ಸ್ವಾಮಿ. ನಾನೇ ತೆಪ್ಪಾಗಿ ತಿಳ್ಕಂಬುಟ್ಟೆ" ಎಂದ. ಡಾಕ್ಟರು ಅವನಿಗೆ ಬಾಯಿಗೆ ಬಂದಂತೆ ಬೈದರು. ನಾನು ಬಾಗಿಲ ಹತ್ತಿರ ನಿಂತು ಕೇಳಿದೆ, ತುಟಿ ಎರಡು ಮಾಡಲಿಲ್ಲ. ಕ್ಲಾಸಿನಲ್ಲಿ ಸುಳ್ಳು ಹೇಳಿದ ಹುಡುಗಿಯರನ್ನು ಬೆಂಚಿನ ಮೇಲೆ ನಿಲ್ಲಿಸುವ ನಾನು! ಆ ದಿನದ ನಾಚಿಕೆ ಈಗ ಬರೆಯುವಾಗಲೂ ಹಾಗೇ ಇದೆ.

ಡಾಕ್ಟರು ಹೇಳಿದ ಪಥ್ಯ ಇಷ್ಟು. ಬೆಳಗ್ಗೆ ಸಂಜೆ ಹತ್ತು ಹತ್ತು ನಿಮಿಷ ಮೆತ್ತನೆಯ ಮಣ್ಣಿನ ಮೇಲೆ ನಡಿಗೆ. ವಾರಕ್ಕೆ ಐದು ನಿಮಿಷ ಹೆಚ್ಚು. ನಡಿಗೆಯಾದ ಮೇಲೆ ಕಾಲಿಗೆ ತಣ್ಣೀರು. ಎರಡು ಮುಂಗಾಲನ್ನೂ ಮುಂಗೈಯಿಂದ ಮುಟ್ಟಿ ನೋಡಬೇಕು. ಎಡಗಾಲು ಬಿಸಿಯಾಗಿದ್ದರೆ ಮಾರನೆಯ ದಿನ ಅರ್ಧ ನಡಿಗೆ. ಓಟದ ಮಾತೇ ಬೇಡ, ಅದನ್ನು ಬರುವ ಸಂಕ್ರಾಂತಿಗೆ ನೋಡೋಣ.

"ಬರೋ ಸಂಕ್ರಾಂತಿ!" ಅವರು ಹೋದ ಮೇಲೆ ಮುತ್ತರಾಯಪ್ಪ ತಲೆ ಚಚ್ಚಿಕೊಂಡ. "ಒಂದ್ನೇ ತಾರೀಕ್ಗೆ ಆರ್ ವಾರ ಐತೆ ಟೀಚರಮ್ಮ."

ನಾನೂ ಜೊತೆಗೆ ಹೊರಟೆ. ಪಾಪಪ್ರಜ್ಞೆ, ಇನ್ನೇನು. ಬೆಳಗ್ಗೆ ಐದೂವರೆಗೆ ರಾಮನಾಯಕನ ಕೆರೆಯ ಏರಿ ಮೇಲೆ ಅವನು ಹಗ್ಗ ಹಿಡಿದು ಮುಂದೆ, ನಾನು ಕೈಗಡಿಯಾರ ಹಿಡಿದು ಹಿಂದೆ. ಕುದುರೆಯ ಕುಂಟು ನೋಡುವುದನ್ನು ಅವನೇ ಕಲಿಸಿದ. "ಕಾಲ್ ನೋಡ್ಬ್ಯಾಡಿ, ತಲೆ ನೋಡಿ. ನೋಯೋ ಕಾಲು ಊರ್ದಾಗ ತಲೆ ಮ್ಯಾಕೆ ಎತ್ತುತ್ತೆ." ಗಟ್ಟಿ ನೆಲದ ಮೇಲಾದರೆ ಕಣ್ಣು ಮುಚ್ಚಿ ಗೊರಸಿನ ಸದ್ದು ಕೇಳಬೇಕಂತೆ. ಮೊದಲ ವಾರ ಕೆಂಚಿ ಹೆಜ್ಜೆಹೆಜ್ಜೆಗೂ ತಲೆ ಎತ್ತಿತು. ಹತ್ತು ನಿಮಿಷದಲ್ಲಿ ಅವನು ಹದಿನೈದು ಸಲ "ಆಯ್ತಾ? ಆಯ್ತಾ?" ಎಂದು ಕೇಳುತ್ತಿದ್ದ. ಇಷ್ಟು ನಿಧಾನ ನಡೆದು ಅವನ ಮೊಣಕಾಲೇ ನೋಯತೊಡಗಿತ್ತು. "ನಂಗೂ ಒಂದ್ ಪಟ್ಟಿ ಸುತ್ತಿ" ಎಂದು ಗೊಣಗುತ್ತಿದ್ದ. ನಾನು ದಿನಾ ಇವತ್ತು ನಿಜ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ, ದಿನಾ ಹೇಳದೆ ಮನೆಗೆ ಬರುತ್ತಿದ್ದೆ.

ಮೂರನೆಯ ವಾರ ಕಾಲು ಮಡಿಯಿತು. ಐದನೆಯ ವಾರ ತಲೆ ಎತ್ತುವುದು ನಿಂತಿತು. ಮುಂಗೈಯಿಟ್ಟರೆ ಎರಡು ಕಾಲೂ ಒಂದೇ ತಂಪು. ಮುತ್ತರಾಯಪ್ಪ ಕೊಟ್ಟಿಗೆಯ ಮುಂದೆ ಕುಣಿದದ್ದನ್ನು ನಮ್ಮಮ್ಮ ನೋಡಿದರು. ಡಾಕ್ಟರ ಮಾತು ಅವನ ಕಿವಿಯಿಂದ ಪೂರ್ತಿ ಹಾರಿಹೋಗಿತ್ತು. ಮಾರ್ಚ್ ಕೊನೆಯ ಭಾನುವಾರ ಪರೀಕ್ಷೆ ಎಂದು ನಾರಾಯಣಪ್ಪನಿಗೆ ಹೇಳಿಕಳಿಸಿದ. ನಾನು ಬೇಡವೆಂದೆ. ಗಟ್ಟಿಯಾಗಿ ಅನ್ನಲು ನನಗೆ ಬಾಯಿ ಎಲ್ಲಿತ್ತು?

ಗಾಡಿಯಲ್ಲಿ ಪಿಳ್ಳಮ್ಮ, ನಾರಾಯಣಪ್ಪ, ನಾನು. ಬಾಗಲೂರು ರಸ್ತೆ. ಕೆಂಚಿ ಫರ್ಲಾಂಗುಗಟ್ಟಲೆ ಚೆನ್ನಾಗಿ ನಡೆಯಿತು. ನಾರಾಯಣಪ್ಪ ಆಕಳಿಸಿದ. "ಹಿಂಗ್ ಹೋದ್ರೆ ಯಾವೋನ್ ಹತ್ತಾನೆ ಭಾವ? ಓಡ್ಸು ನೋಡಾನ."

ಮುತ್ತರಾಯಪ್ಪ ನಾಲಗೆಯಲ್ಲಿ ಕ್ಲಕ್ ಅಂದ. ಕೆಂಚಿ ಓಡಿತು. ಎರಡು ತಿಂಗಳ ಮೇಲೆ ಮುಖಕ್ಕೆ ಗಾಳಿ ಬಡಿಯಿತು. ಪಿಳ್ಳಮ್ಮ ಸೆರಗು ಹಿಡಿದು ನಕ್ಕಳು. ನಾರಾಯಣಪ್ಪ ಶಭಾಷ್ ಎಂದು ತೊಡೆ ತಟ್ಟಿ, ವಾಚ್‌ಮನ್ ಕೆಲಸ ಬೇರೆಯವರಿಗೆ ಹೇಳುತ್ತೇನೆ ಎಂದ. ನಾನು ಕಣ್ಣು ಮುಚ್ಚಿದ್ದೆ. ಟಾರು ರಸ್ತೆಯ ಮೇಲೆ ಗೊರಸಿನ ಸದ್ದು ಮೊದಲು ಒಂದೇ ಸಮ ಇತ್ತು. ಆಮೇಲೆ ಒಂದು ಹೆಜ್ಜೆ ತಡವಾಗಿ ಬಿತ್ತು. ಸ್ವಲ್ಪ ದೂರದಲ್ಲಿ ಇನ್ನೊಂದು. ಆಮೇಲೆ ಪ್ರತಿ ಸಲ.

ಅವನು ಗಾಡಿ ನಿಲ್ಲಿಸಿದ. ನಾರಾಯಣಪ್ಪನ ಕಡೆ ನೋಡಲಿಲ್ಲ. ಹಿಂದಕ್ಕೆ ತಿರುಗಿ ನನ್ನನ್ನು ಕೇಳಿದ. "ಸರಿಯಾಗೈತಾ ಟೀಚರಮ್ಮ?"

ಹೂಂ ಅಂದರೆ ನಾಳೆಯಿಂದ ಅವನು ರಸ್ತೆಯಲ್ಲಿರುತ್ತಾನೆ, ಕೆಂಚಿಯ ಕಾಲು ದೀಪಾವಳಿಯನ್ನು ನೋಡುವುದಿಲ್ಲ. ಊಹೂಂ ಅಂದರೆ ಆ ಸ್ಟೂಲಿನ ಮೇಲೆ ಅವನನ್ನು ಕೂರಿಸುವವಳು ನಾನೇ. "ಇಲ್ಲ" ಅಂದೆ. "ಎಡಗಾಲು ತಡವಾಗಿ ಬೀಳ್ತಾ ಇದೆ." ಒಂದು ಸಲ ಬಾಯಿ ಬಿಟ್ಟ ಮೇಲೆ ಇನ್ನೊಂದು ಮಾತೂ ಬಂತು. "ಅವತ್ತು ಡಾಕ್ಟರು ಗೂಟಕ್ಕೆ ಕಟ್ಟು ಅಂದಿರಲಿಲ್ಲ ಮುತ್ತರಾಯಪ್ಪ. ತಪ್ಪು ಹೇಳಿದವಳು ನಾನು. ನೀನು ಬೈಸಿಕೊಂಡೆ, ನಾನು ಸುಮ್ಮನಿದ್ದೆ."

"ನಂಗೊತ್ತಿತ್ತು."

"ಏನು ಗೊತ್ತಿತ್ತು?"

"ಕುದ್ರೆನ ಮೂರ್ ವಾರ ಕಟ್ಟಾಕಿದ್ರೆ ಕಾಲ್ ಸೆಟ್ಕೊಳ್ತೈತೆ ಅಂತ. ಇಪ್ಪತ್ ವರ್ಸದಿಂದ ಕುದ್ರೆ ಸಾಕಿವ್ನಿ, ಅಷ್ಟೂ ಗೊತ್ತಾಗಲ್ವಾ?"

ನನಗೆ ಸಿಟ್ಟು ನೆತ್ತಿಗೇರಿತು. "ಹಾಗಾದ್ರೆ ಯಾಕೆ ಕಟ್ಟಿಹಾಕಿದೆ? ಮೂರು ವಾರ! ಒಂದು ಮಾತು ಕೇಳೋಕೆ ಏನಾಗಿತ್ತು ನಿನಗೆ?"

ಅವನು ಲಗಾಮನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. "ಹುಟ್ದಾಗ್ನಿಂದ ಯಾರ್ ಮಾತೂ ಕೇಳ್ದೋನಲ್ಲ ನಾನು. ಅದಕ್ಕೇ ಇವಳ ಕಾಲು ಹೋಯ್ತು. ಈ ಒಂದ್ ಸಲನಾದ್ರೂ ಓದ್ದೋರು ಹೇಳ್ದಂಗೆ ಕೇಳಾನ ಅಂದ್ಕಂಡೆ."

ನಾರಾಯಣಪ್ಪ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಿದ್ದ. ಎಲ್ಲರೂ ಇಳಿದೆವು. ಮುತ್ತರಾಯಪ್ಪ ಗಾಡಿಯಿಂದ ಕೆಂಚಿಯನ್ನು ಬಿಚ್ಚಿದ, ಗಾಡಿಯನ್ನು ನಾರಾಯಣಪ್ಪನೂ ಅವನೂ ಎಳೆದುಕೊಂಡು ಬಂದರು. ದಾರಿಯಲ್ಲಿ ಪಿಳ್ಳಮ್ಮ ಕುದುರೆಯ ಹಗ್ಗ ಹಿಡಿದಿದ್ದಳು. ಸಂತೆಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. "ನೀನು ಗೇಟ್ ತಾವ ಕುಂತ್ಕೋ. ಇವಳನ್ನ ನಾನ್ ನಡುಸ್ತೀನಿ" ಎಂದಳು, ಅಷ್ಟೇ.

ಏಪ್ರಿಲ್ ಒಂದರಂದು ಮುತ್ತರಾಯಪ್ಪ ಖಾಕಿ ಹಾಕಿಕೊಂಡು ಹೋದ. ಮೊದಲ ವಾರ ಗೇಟಿನ ಸುತ್ತ ಗಿರಕಿ ಹೊಡೆದು, ಸ್ಟೂಲು ಬಿಟ್ಟು ಅಲ್ಲಾಡಬೇಡ ಎಂದು ಸೂಪರ್‌ವೈಜರ್ ಹತ್ತಿರ ಬೈಸಿಕೊಂಡನಂತೆ. ಒಂದು ದಿನ ಸ್ಕೂಲು ಬಿಟ್ಟ ಮೇಲೆ ನೋಡಲು ಹೋದೆ. ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದ. ಹಣೆಯಲ್ಲಿ ಬೆವರು. ನನ್ನನ್ನು ಕಂಡು ಏಳಲು ಹೋದವನು ಮತ್ತೆ ಕೂತ.

"ಇವತ್ತೆಷ್ಟು ನಡುದ್ಳು?"

"ಮೂವತ್ತೈದು ನಿಮಿಷ. ಕಾಲು ತಣ್ಣಗಿತ್ತು."

"ಸಂಕ್ರಾಂತಿ ತಂಕ ಕುಂತಿರ್ತೀನಿ ಬಿಡಿ" ಎಂದ. ದನಿ ಮಾತ್ರ ಅಳುವವನ ದನಿ. ನನಗೂ ತಡೆಯಲಾಗದೆ ಬೇಗ ಬಂದುಬಿಟ್ಟೆ.

ಹತ್ತು ತಿಂಗಳು ಕೂತ. ಇಲ್ಲಿ ಏರಿಯ ಮೇಲೆ ಬೆಳಗ್ಗೆ ಸಂಜೆ ಪಿಳ್ಳಮ್ಮ ಸವತಿಯನ್ನು ನಡೆಸಿದಳು. ನಡೆಸುತ್ತ ಮಾತಾಡುತ್ತಿದ್ದಳು. ಟೊಮೇಟೊ ಬೆಲೆ, ನಾದಿನಿಯ ಕೊಂಕು, ತನ್ನ ಸೊಂಟ ನೋವು, ಎಲ್ಲ ಕೆಂಚಿಯ ಕಿವಿಗೆ. ಕೆಂಚಿ ಒಂದು ಕಿವಿ ಹಿಂದಕ್ಕೆ ತಿರುಗಿಸಿ ಕೇಳುತ್ತ ಅವಳ ಹೆಜ್ಜೆಗೆ ಸರಿಯಾಗಿ ನಡೆಯುತ್ತಿತ್ತು. ಆರನೆಯ ತಿಂಗಳಿಗೆ ಖಾಲಿ ಗಾಡಿ ಕಟ್ಟಿ, ಅವಳು ಪಕ್ಕದಲ್ಲಿ ನಡೆದಳು. ಎಂಟಕ್ಕೆ ಎರಡು ಮೂಟೆ ಹುಲ್ಲು. ಎಂಬತ್ತರ ಸಂಕ್ರಾಂತಿ ಮುಗಿದ ಮೇಲೆ ಡಾಕ್ಟರು ಬಂದು ಕಾಲು ತಟ್ಟಿ ನೋಡಿ, ಗಾಡಿಗೆ ಜನ ಹತ್ತಬಹುದು ಎಂದರು. ಈ ಸಲ ನಾನು ಪ್ರತಿ ಮಾತನ್ನೂ ಎರಡೆರಡು ಸಲ ಕೇಳಿದೆ. ಇನ್ನೊಂದು ವರ್ಷ ಬರೀ ನಡಿಗೆ, ಓಡಿದರೆ ನರ ಹರಿಯುತ್ತದೆ, ಹರಿದರೆ ಯಾರ ಕೈಲೂ ಆಗದು.

ಮುತ್ತರಾಯಪ್ಪ ಶನಿವಾರವೇ ಕೆಲಸ ಬಿಟ್ಟು ಖಾಕಿ ಮಡಿಸಿಟ್ಟು ಬಂದ. ಸೋಮವಾರ ಬೆಳಗ್ಗೆ ಸ್ನಾನ ಮಾಡಿ, ಗಾಡಿಗೆ ಅರಿಸಿನ ಕುಂಕುಮ ಇಟ್ಟು, ಕೆಂಚಿಯನ್ನು ಕಟ್ಟಿ, ಮುಂದಿನ ಹಲಗೆಯ ಮೇಲೆ ಹತ್ತಿ ಕೂತ. ನಾನು ಹಿಂದೆ ಕೂತೆ. ಅವನು ಲಗಾಮು ಹಿಡಿದು, "ನಡಿಯೇ ಕೆಂಚಿ" ಎಂದ.

ಆ ದನಿ ಕೇಳಿದ್ದೇ ತಡ, ಕೆಂಚಿ ಹಾರಿ ಓಡಿತು. ಅವನು ಹಿಂದಕ್ಕೆ ಎಳೆದ. ಅದು ತಲೆ ಕೊಡವಿತು, ಅಡ್ಡಡ್ಡ ಕುಣಿಯಿತು. ನಾನು ಕಂಬಿ ಹಿಡಿದುಕೊಂಡೆ. ಹೇಗೋ ನಿಲ್ಲಿಸಿದ. ಕತ್ತು ಸವರಿ, ಪಿಸುಮಾತಿನಲ್ಲಿ ಕರೆದ. ಮತ್ತೆ ಓಟ. ಮೂರನೆಯ ಸಲ ಅವನು ಮಾತೇ ಆಡಲಿಲ್ಲ, ಲಗಾಮು ಕೈಗೆ ತೆಗೆದುಕೊಂಡ ಅಷ್ಟೇ. ಆಗಲೂ ಓಡಲು ನೋಡಿತು. ಪಿಳ್ಳಮ್ಮ ಬಾಗಿಲಿಂದ ಓಡಿ ಬಂದು ಕಡಿವಾಣದ ಪಟ್ಟಿ ಹಿಡಿದು, "ಏ ಸವತಿ, ಏನಾಗೈತೆ ನಿಂಗೆ? ನೆಟ್ಗೆ ನಡಿ" ಎಂದಳು. ಕೆಂಚಿ ಉಸಿರು ಬಿಟ್ಟು ಅವಳ ಪಕ್ಕ ಒಂದೊಂದೇ ಹೆಜ್ಜೆ ಇಟ್ಟಿತು.

ಮುತ್ತರಾಯಪ್ಪ ಇಳಿದ. ಬಗ್ಗಿ ಎಡಗಾಲಿಗೆ ಮುಂಗೈ ಇಟ್ಟು ನೋಡಿದ, ಬಲಗಾಲಿಗೂ ಇಟ್ಟು ನೋಡಿದ. ಬಹಳ ಹೊತ್ತು ಹಾಗೇ ಕುಕ್ಕರುಗಾಲಿನಲ್ಲಿ ಕೂತಿದ್ದ.

"ನೀನೇ ಹತ್ತು" ಎಂದ, ಹೆಂಡತಿಗೆ.

"ಥೂ! ಹೆಂಗ್ಸು ಜಟಕಾ ಹೊಡ್ಯೋದಾ? ಊರೆಲ್ಲ ನಗಾಕಿಲ್ವಾ?"

"ನಗ್ಲಿ. ನಾನು ಕುಂತ್ರೆ ಓಡ್ತಾಳೆ. ಚಿಕ್ಕೋಳಿದ್ದಾಗ್ನಿಂದ ಓಡು ಓಡು ಅಂತ ಅಂದಿವ್ನಿ, ನನ್ ದನಿ ಅಂದ್ರೆ ಅವ್ಳಿಗೆ ಅಷ್ಟೇಯ. ನಿನ್ ಕೈಲಿ ಬದುಕ್ಕೊಳ್ತಾಳೆ."

"ಮತ್ತೆ ನೀನು?"

ಅವನು ಒಳಗೆ ಹೋಗಿ ಮಡಿಸಿಟ್ಟ ಖಾಕಿಯನ್ನು ಕಂಕುಳಿಗೆ ಇರುಕಿಕೊಂಡು ಬಂದ. ಕಣ್ಣು ಕೆಂಪಗಿತ್ತು. ನಮ್ಮಿಬ್ಬರ ಮುಖವನ್ನೂ ನೋಡಲಿಲ್ಲ. "ನನ್ ಸ್ಟೂಲ್ನ ಇನ್ಯಾವೋನ್ಗಾದ್ರೂ ಕೊಟ್ಟುಬುಟ್ಟಾರು, ಬತ್ತೀನಿ" ಎಂದು ಫ್ಯಾಕ್ಟರಿಯ ದಾರಿ ಹಿಡಿದು ಓಡಿದ.